ಮಿರಗದ ಚುಕ್ಕಿ ಹೊಲಕ್ಕೆ ಬಂದ ರಾತ್ರಿ

ಹೊತ್ತು ಮುಳುಗಲು ಇನ್ನು ಅರ್ಧ ತಾಸು. ಸವದತ್ತಿಯ ದಕ್ಷಿಣಕ್ಕೆ, ನವಲಗುಂದದ ಕಡೆ ಹಾಸಿಕೊಂಡ ಎರೆ ಬಯಲಿನಲ್ಲಿ ಒಂಟಿ ಬನ್ನಿಗಿಡ. ಅದರ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಅವೇ ಪಾಂಡವರು. ಇವತ್ತು ಎಳ್ಳಮವಾಸ್ಯೆ. ಮಧ್ಯಾಹ್ನ ಇಲ್ಲಿ ಎರಡು ಚಕ್ಕಡಿ, ಒಂದು ಟ್ರ್ಯಾಕ್ಟರ್ ತುಂಬ ಜನ ಇಳಿದಿದ್ದರು. ಒಬ್ಬ ಬುಟ್ಟಿ ಹೊತ್ತು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಸಜ್ಜಿ ಕಡಬು, ಪುಂಡಿಪಲ್ಯ, ಬದನೆಕಾಯಿ ಚೆಲ್ಲಿದ. ಹಿಂದೆ ಇನ್ನೊಬ್ಬ ತಂಬಿಗೆಯಿಂದ ನೀರು ಚಿಮುಕಿಸಿದ. ಬಸಿರು ಹೊತ್ತ ಭೂಮಿಗೆ ಉಣಿಸುವ ಚರಗ. ಈಗ ಚಕ್ಕಡಿಗಳೆಲ್ಲ ಊರ ದಾರಿ ಹಿಡಿದಿವೆ. ಹೊಲದ ಅಜ್ಜ ಮಾತ್ರ ಕಂಬಳಿ ಹಾಸಿಕೊಂಡು ಕೂತಿದ್ದಾರೆ. ರಾತ್ರಿ ಹೊಲ ಕಾಯಬೇಕು.

"ಯಾರನ್ನ ಕಾಯೋದು ಅಜ್ಜಾರ?"

ಅಜ್ಜ ಗದ್ದ ಎತ್ತಿ ಮೂಡಲಿಗೆ ತೋರಿಸುತ್ತಾರೆ. ಕಡಲೆ ಹೊಲದ ಆಚೆ ಬದುವಿನ ಮೇಲೆ ಕಿವಿಗಳು ಕಾಣುತ್ತವೆ, ಆಮೇಲೆ ಕೊರಳು, ಆಮೇಲೆ ಇಡೀ ಹಿಂಡು. ಚಿಗರಿ. ಹೆಣ್ಣುಗಳು, ಮರಿಗಳು ಒಣಗಿದ ಹುಲ್ಲಿನ ಬಣ್ಣ. ಹಿಂದೆ ನಿಂತ ಗಂಡು ಮಾತ್ರ ಮಸಿ ಬಳಿದಂತೆ ಕಪ್ಪು, ಹೊಟ್ಟೆ ಬೆಳ್ಳಗೆ, ತಿರುಚಿದ ಕೊಂಬು. ಬದುವಿನ ಮೇಲೆ ಅಜ್ಜ ಹಳೆಯ ಸೀರೆ ಕಟ್ಟಿದ್ದಾರೆ, ಗಾಳಿಗೆ ಬಡಿಯಲಿ ಎಂದು ಖಾಲಿ ಬಾಟಲಿ ತೂಗುಹಾಕಿದ್ದಾರೆ. ಚಿಗರಿಗಳು ಸೀರೆಯನ್ನು ಒಮ್ಮೆ ಮೂಸಿ, ಅದರ ಪಕ್ಕದಿಂದಲೇ ಒಳಗೆ ಬರುತ್ತವೆ.

"ಬೆದರಿಸಿದ್ರ ಬಾಜೂ ಹೊಲಕ್ಕ ಹೊಕ್ಕಾವು. ಅದು ನಮ್ಮ ತಮ್ಮಂದು," ಎಂದು ಅಜ್ಜ ನಗುತ್ತಾರೆ. ಆದರೆ ಚಿವುಟಿದ ಕಡಲೆಯ ಕುಡಿಯನ್ನು ಬೆರಳಲ್ಲಿ ಎತ್ತಿ ತೋರಿಸುವಾಗ ನಗೆ ಇರುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಇರುವ ಪ್ರಾಣಿ ಇದು, ಮುಟ್ಟುವ ಹಾಗಿಲ್ಲ. ದಕ್ಷಿಣಕ್ಕೆ ರಾಣೆಬೆನ್ನೂರಿನಲ್ಲಿ 1974ರಲ್ಲೇ ಇವುಗಳಿಗೆಂದು ಅಭಯಾರಣ್ಯ ಆಯಿತು. ಇಲ್ಲಿ ಆ ಕೆಲಸವನ್ನು ಅಜ್ಜನ ಎಂಟು ಎಕರೆಯೂ ಅವರ ತಮ್ಮನ ಎಂಟು ಎಕರೆಯೂ ಮಾಡುತ್ತಿವೆ.

ಬಿಸಿಲು ಹಳದಿಯಾಗುತ್ತಿದ್ದಂತೆ ಬಯಲಿನ ಹಕ್ಕಿಗಳು ಗೂಡು ಹುಡುಕತೊಡಗುತ್ತವೆ. ಗುಲಾಬಿ ಮೈನಾಗಳ ಹಿಂಡು ಬಿಳಿಜೋಳದ ಮೇಲಿಂದ ಒಂದೇ ಸಲ ಎದ್ದು, ಜಾಡಿಸಿದ ಹಚ್ಚಡದಂತೆ ಮಡಚಿ ಬಿಚ್ಚಿ, ಹಳ್ಳದ ಜಾಲಿಗಿಡಗಳಿಗೆ ಸುರಿಯುತ್ತದೆ. ಉದ್ದ ರೆಕ್ಕೆಯ ಒಂದು ಗಿಡುಗ ಮೊಣಕಾಲೆತ್ತರದಲ್ಲಿ ತೇಲುತ್ತ ಬಂದು, ಬೀಳು ನೆಲದ ಹುಲ್ಲಿನಲ್ಲಿ ಇಳಿದು ಮಾಯವಾಗುತ್ತದೆ. ಈ ಜಾತಿಗೆ ಮರ ಬೇಡ, ನೆಲದ ಮೇಲೇ ಮಲಗುತ್ತದೆ. ಇಂಥವುಗಳ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಹಿಂಬಾಲಿಸಿದವರು ಕಂಡದ್ದು ಕಜಕಸ್ತಾನದ ಹುಲ್ಲುಗಾವಲು. ಬೇಸಿಗೆಯಲ್ಲಿ ಅಲ್ಲಿ ಮರಿ ಮಾಡಿ, ಚಳಿಗೆ ನಮ್ಮ ಜೋಳದ ಹೊಲಕ್ಕೆ ಬರುತ್ತವೆ.

ಊರಿಗೆ ಹೋಗುವ ಮುಂಚೆ ಅಜ್ಜಿ ಒಂದು ಕೆಲಸ ಮಾಡಿ ಹೋಗಿದ್ದರು. ಒಗೆದ ಬಿಳಿ ಧೋತರವನ್ನು ಕಡಲೆ ಗಿಡಗಳ ಮೇಲೆ ಹರವಿ, ನಾಲ್ಕು ಮೂಲೆಗೆ ಹೆಂಟೆ ಇಟ್ಟು, "ತುಳದೀರಿ ಮತ್ತ" ಎಂದು ನಮ್ಮಿಬ್ಬರಿಗೂ ಹೇಳಿದ್ದರು. ಏಕೆಂದು ನಾನು ಕೇಳಲಿಲ್ಲ.

ಕತ್ತಲು ಎರೆ ನೆಲದ ಬಿರುಕಿನಿಂದಲೇ ಎದ್ದು ಬಂದಂತೆ ಬೇಗ ಬರುತ್ತದೆ. ಚಂದ್ರನಿಲ್ಲದ ರಾತ್ರಿ. ಕುಳ್ಳಿಯ ಬೆಂಕಿಯಲ್ಲಿ ಎಳೆ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಅಜ್ಜ ನನ್ನ ಕೈಗೆ ಸೀತನಿ ಸುರಿಯುತ್ತಾರೆ. ಬಾಯಲ್ಲಿ ಹಾಲು, ಹೊಗೆ, ಬೆಲ್ಲ. ತಲೆಯೆತ್ತಿದರೆ ಮೂಡಲಲ್ಲಿ ಕೃತ್ತಿಕೆಯ ಗೊಂಚಲು ಆಗಲೇ ಮೇಲೇರಿದೆ, ಅದರ ಕೆಳಗೆ ಕೆಂಪಗೆ ಒಂದು.

"ರೋಹಿಣಿ," ಎನ್ನುತ್ತಾರೆ ಅಜ್ಜ. "ರೋಹಿಣಿ ಮಳಿ ಬಂದ್ರ ಓಣಿ ತುಂಬ ಜ್ವಾಳ. ಅದರ ಕೆಳಗ ನೋಡು, ನಾಕ ಮೂಲಿಗೆ ನಾಕ, ನಡುವ ಮೂರು. ಅದು ಮಿರಗ."

ಮೃಗಶಿರ ನಮ್ಮ ಕಡೆಯ ಬಾಯಲ್ಲಿ ಸವೆದು ಮಿರಗ ಆಗಿದೆ. ನಾನು ಮಿರಗವನ್ನು ಜೂನ್ ಮೊದಲ ವಾರದ ಮಳೆಯಾಗಿ ಬಲ್ಲೆ: ಬೀಜದ ಅಂಗಡಿಯ ಮುಂದಿನ ಸಾಲು, ಬಿತ್ತನೆಯ ಗಡಿಬಿಡಿ. ಅದು ಹೀಗೆ ಥಂಡಿಯಲ್ಲಿ, ಒಂದು ಮೋಡವೂ ಇಲ್ಲದ ಬಾನಿನಲ್ಲಿ ಕೂತಿರುವುದನ್ನು ಕಂಡಾಗ, ಮಳೆಗಾಲದಲ್ಲಿ ಮಾತ್ರ ಊರಿಗೆ ಬರುವ ನೆಂಟನನ್ನು ಸಂಕ್ರಾಂತಿ ಜಾತ್ರೆಯಲ್ಲಿ ಕಂಡಷ್ಟು ಬೆರಗು.

ಲೆಕ್ಕ ಸರಳ. ಸೂರ್ಯ ವರ್ಷಕ್ಕೊಮ್ಮೆ ಇಪ್ಪತ್ತೇಳು ನಕ್ಷತ್ರಗಳನ್ನು ಸುತ್ತುತ್ತಾನೆ. ಒಂದೊಂದಕ್ಕೆ ಸುಮಾರು ಹದಿಮೂರೂವರೆ ದಿನ. ಅವನು ಮೃಗಶಿರದಲ್ಲಿ ಇರುವಷ್ಟು ದಿನ ಬೀಳುವುದು ಮಿರಗದ ಮಳೆ. ಅಂದರೆ ಮಳೆ ಕೊಡುವಾಗ ಆ ಚುಕ್ಕಿ ಸೂರ್ಯನ ಬೆಳಕಿನಲ್ಲೇ ಮುಳುಗಿರುತ್ತದೆ, ಯಾರಿಗೂ ಕಾಣುವುದಿಲ್ಲ. ಆರು ತಿಂಗಳ ಮೇಲೆ, ಸೂರ್ಯ ಎದುರು ದಂಡೆಗೆ ಸರಿದಾಗ, ರಾತ್ರಿಯೆಲ್ಲ ಮುಖ ತೋರಿಸುತ್ತದೆ.

ಇದನ್ನು ಅಜ್ಜನಿಗೆ ಹೇಳಿದೆ. ಅವರು ಬೆಂಕಿ ಕೆದಕಿ, "ಅದಕ್ಕ ಮತ್ತ. ಮಳಿ ಕೊಡೂ ಮುಂದ ಕೆಲಸದಾಗ ಇರ್ತಾವ. ಈಗ ಬೆಳಿ ಹ್ಯಾಂಗ ಬಂದೈತಿ ಅಂತ ನೋಡಾಕ ಬರ್ತಾವ," ಎಂದರು.

ಉತ್ತರಕ್ಕೆ ಯಲ್ಲಮ್ಮನ ಗುಡ್ಡದ ದೀಪಗಳು. ಹದಿನೈದು ದಿನದ ಹಿಂದೆ, ಹೊಸ್ತಿಲ ಹುಣ್ಣಿಮೆಯಂದು, ಅಲ್ಲಿ ಕಾಲಿಡಲು ಜಾಗ ಇರಲಿಲ್ಲ. ತಾಯಿ ಬಳೆ ಒಡೆದುಕೊಳ್ಳುವ ಹುಣ್ಣಿಮೆ ಅದು. ಮಾಘದ ಭಾರತ ಹುಣ್ಣಿಮೆಗೆ ಮತ್ತೆ ಬಳೆ ತೊಡುತ್ತಾಳೆ. ಗುಡ್ಡದ ಸಾಲಿನ ಮೇಲೆ ಗಾಳಿ ವಿದ್ಯುತ್ತಿನ ಕಂಬಗಳ ಕೆಂಪು ದೀಪ ಮಿಣುಕುತ್ತವೆ. ಅವುಗಳಿಗಿಂತ ಒಂದೂವರೆ ಮುಷ್ಟಿ ಮೇಲೆ, ಮಿಣುಕದೆ, ಮಂಕಾಗಿ ಒಂದು ಚುಕ್ಕಿ: ಧ್ರುವ. ನಮ್ಮ ಅಕ್ಷಾಂಶ ಎಷ್ಟೋ ಧ್ರುವ ಅಷ್ಟೇ ಎತ್ತರ. ಇಲ್ಲಿ ಹದಿನಾರು ಡಿಗ್ರಿಗೂ ತುಸು ಕಡಿಮೆ. ನಿನ್ನೆ ಕಿತ್ತೂರಿನಲ್ಲಿದ್ದೆ. ಅಲ್ಲಿಯ ಹಾಳು ಅರಮನೆಯ ಗೋಡೆಯಲ್ಲಿ ಧ್ರುವನನ್ನು ನೋಡಲೆಂದೇ ಇಟ್ಟ ದುಂಡು ಕಿಂಡಿ ಇದೆ. ಹಗಲಲ್ಲಿ ಕಣ್ಣಿಟ್ಟರೆ ತುಂಡು ನೀಲಿ ಅಷ್ಟೇ. 1824ರಲ್ಲಿ ಅರಮನೆ ಬಿತ್ತು, ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ 1829ರಲ್ಲಿ ತೀರಿಕೊಂಡಳು. ಕಿಂಡಿ ನೋಡುತ್ತಿದ್ದ ಚುಕ್ಕಿ ಅದೇ ಜಾಗದಲ್ಲಿದೆ.

ಕಿತ್ತೂರಿನಿಂದ ಇಲ್ಲಿಗೆ ಬರುವ ದಾರಿಯಲ್ಲಿ ಗಿಡಗಳೇ ಮಳೆಯ ಲೆಕ್ಕ ಹೇಳುತ್ತವೆ. ಅತ್ತ ಪಡುವಣದ ಸಾಗವಾನಿ, ಮತ್ತಿ. ಬೈಲಹೊಂಗಲ ದಾಟಿದರೆ ಬೇವು, ಹುಣಸೆ. ಸವದತ್ತಿಯ ಕಲ್ಲುಗುಡ್ಡದಲ್ಲಿ ಮೊಣಕಾಲೆತ್ತರದ ಕುರುಚಲು. ರಾಮದುರ್ಗದ ಕಡೆ ಜಾಲಿ, ಬಾರಿಗಿಡ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯೂ ಹಸಿರಿನಿಂದ ಒಣನೆಲಕ್ಕೇ ಹರಿದು ಬರುತ್ತಾಳೆ. ನವಿಲುತೀರ್ಥದಲ್ಲಿ ಗುಡ್ಡ ಸೀಳಿಕೊಂಡು ಹೊರಡುವ ಕಡೆ ಕಟ್ಟಿದ ಅಣೆಕಟ್ಟಿನ ಹಿಂದೆ 37.73 ಟಿಎಂಸಿ ಹಿಡಿಯುವ ರೇಣುಕಾ ಸಾಗರ. ಆ ನೀರಿನ ದಿಕ್ಕಿನಿಂದ ಈಗ ನಮ್ಮ ತಲೆಯ ಮೇಲೆ ಏನೋ ಹಾದುಹೋಗುತ್ತದೆ: ರೆಕ್ಕೆಯ ಸಪ್ಪಳ, ಎರಡು ಕೂಗು, ಒಂದು ಕ್ಷಣ ನಾಲ್ಕಾರು ಚುಕ್ಕಿ ಅಳಿಸಿ ಮತ್ತೆ ಮೂಡುತ್ತವೆ.

ಹನ್ನೊಂದೂವರೆ. ಮಿರಗ ನೆತ್ತಿಯ ಹತ್ತಿರ. ಹಳ್ಳದಲ್ಲಿ ಒಂದು ನರಿ ಕೂಗು ತೆಗೆಯುತ್ತದೆ, ದೂರದಿಂದ ಇನ್ನೊಂದು ಎತ್ತಿಕೊಳ್ಳುತ್ತದೆ. ಅಜ್ಜನ ನಾಯಿ ಗುರುಗುಟ್ಟಿ ಕಂಬಳಿಯೊಳಗೆ ಇನ್ನಷ್ಟು ತೂರಿಕೊಳ್ಳುತ್ತದೆ. ಅವು ಸುಮ್ಮನಾದ ಮೇಲೆ ಸಣ್ಣ ಸಪ್ಪಳ ಕಿವಿಗೆ ಬೀಳುತ್ತದೆ: ಚಿಟಿಕ್, ಚಿಟಿಕ್. ಯಾರೋ ಕತ್ತಲಲ್ಲಿ ಸೊಪ್ಪು ಸೋಸುತ್ತಿದ್ದಂತೆ.

ಅಜ್ಜ ಬ್ಯಾಟರಿ ಹಚ್ಚುತ್ತಾರೆ. ಕಡಲೆಯ ಮೇಲೆ ಕಣ್ಣುಗಳು, ಹತ್ತು, ಹದಿನೈದು ಜೊತೆ, ತಣ್ಣನೆಯ ಹಸಿರು. ಚಿಗರಿಗಳು ಓಡುವುದಿಲ್ಲ, ಬಾಯಿ ನಿಲ್ಲಿಸಿ ನೋಡುತ್ತವೆ. ಒಂದರ ತುಟಿಯಿಂದ ಕಡಲೆಯ ಕಡ್ಡಿ ಜೋತುಬಿದ್ದಿದೆ. "ಸಾಕ ಏಳ್ರವಾ," ಎಂದು ಅಜ್ಜ ಉಂಡ ಮೇಲೂ ಕೂತ ಬೀಗರಿಗೆ ಹೇಳುವಂತೆ ಹೇಳಿ, ತಾಟು ಬಡಿಯುತ್ತಾರೆ. ಕಣ್ಣುಗಳು ಪುಟಿದು, ಮುರಿದು, ತಮ್ಮನ ಹೊಲದ ಕಡೆ ಹರಿಯುತ್ತವೆ.

ಮೇಲೂ ಅದೇ ಆಟ ನಡೆದಿದೆ. ಮೃಗದ ಹಿಂದೆ, ಆಕಾಶದಲ್ಲೇ ಎಲ್ಲಕ್ಕಿಂತ ಹೊಳೆಯುವ ಲುಬ್ಧಕ, ಹೆಸರೇ ಬೇಟೆಗಾರ. ಪುರಾಣ ಬಲ್ಲವರಿಗೆ ನಡುವಿನ ಮೂರು ಚುಕ್ಕಿ ಅವನು ಬಿಟ್ಟ ಬಾಣ. ಅಜ್ಜ ಒಪ್ಪುವುದಿಲ್ಲ: "ಬಾಣ ಅಲ್ಲ ತಮ್ಮಾ, ಕೂರಿಗಿ. ಮೂರು ತಾಳು ಸಾಲಿಗೆ ಹ್ಯಾಂಗ ಅದಾವ ನೋಡು. ಮಿರಗದಾಗ ಬಿತ್ತಾಕ ಮತ್ತೇನ ಬೇಕು?" ಮೃಗದ ಹೆಗಲ ಮೇಲಿನ ಕೆಂಪು ಚುಕ್ಕಿ ಆರಿದ್ರ. ಅದರ ಬೆಳಕು ಇಲ್ಲಿಗೆ ಬರಲು ಐನೂರು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. 1514ರಲ್ಲಿ ಬೊಮ್ಮಪ್ಪ ನಾಯಕ ಆ ಗುಡ್ಡದ ಮೇಲೆ ಯಲ್ಲಮ್ಮನ ಗುಡಿ ಕಟ್ಟಿಸುವ ಹೊತ್ತಿಗೆ ಈ ಕೆಂಪು ದಾರಿಯಲ್ಲಿತ್ತು.

ನಾನು ಮಲಗಿದ್ದು ಯಾವಾಗಲೋ. ಕಂಬಳಿಯ ಅಂಚು ಒದ್ದೆಯಾಗಿ ಕೆನ್ನೆಗೆ ತಗಲಿ ಎಚ್ಚರ. ಐದು ಗಂಟೆ. ಆಕಾಶ ಪೂರ್ತಿ ಬದಲಾಗಿದೆ. ರೋಹಿಣಿ ಪಡುವಣದ ಜೋಳದ ತೆನೆಗಳೊಳಗೆ ಇಳಿಯುತ್ತಿದೆ, ಮಿರಗ ಅದರ ಬೆನ್ನಿಗೆ. ಮಘೆ, ಹುಬ್ಬಿ, ಉತ್ತರಿ ನೆತ್ತಿಯ ಆಸುಪಾಸಿನಲ್ಲಿವೆ. ಆಗ್ನೇಯಕ್ಕೆ ಹಸ್ತದ ಐದು ಬೆರಳು, ಅದರ ಪಕ್ಕ ಬೆಳ್ಳಗೆ ಚಿತ್ತಿ, ಮೂಡಲಲ್ಲಿ ಎತ್ತರಕ್ಕೆ ಸ್ವಾತಿ. ಎದ್ದು ಕೂತೆ. ಸಂಜೆ ಕಂಡವು ಮುಂಗಾರಿಯ ಮಳೆಗಳು. ಹೆಸರು ಬೆಳೆದು ಹೋದವು. ಈಗ ಕಾಣುತ್ತಿರುವುದು ಹಿಂಗಾರಿಯವು. ಈ ಬಿಳಿಜೋಳ, ಈ ಕಡಲೆ ಇವುಗಳವೇ. ಮೇ ಕೊನೆಯಿಂದ ದೀಪಾವಳಿಯವರೆಗಿನ ಇಡೀ ಮಳೆಗಾಲ, ಒಂದರ ಹಿಂದೊಂದು, ಸಾಲು ತಪ್ಪದೆ, ಒಂದೇ ಒಣ ರಾತ್ರಿಯಲ್ಲಿ ಈ ಹೊಲದ ಮೇಲೆ ಹಾದುಹೋಗಿತ್ತು. ನಾನು ನಡುವೆ ನಿದ್ದೆ ಹೋಗಿದ್ದೆ.

ಟಿಟ್ಟಿಭ ಒದರಿತು. ಗುಡ್ಡದ ಕಡೆ ನವಿಲು. ದಾರಿಯಲ್ಲಿ ಅಜ್ಜಿಯ ಬಳೆ ಸಪ್ಪಳ ಮೊದಲು ಬಂತು, ಆಮೇಲೆ ಅಜ್ಜಿ, ಕೈಯಲ್ಲಿ ಚರಿಗೆ. ನೇರ ಧೋತರದ ಹತ್ತಿರ ಹೋದರು. ರಾತ್ರಿಯ ಇಬ್ಬನಿಗೆ ಅದು ನೆಂದು ಗಿಡಗಳಿಗೆ ಅಂಟಿತ್ತು. ಒಂದು ಮೂಲೆಯಲ್ಲಿ ಚಿಗರಿಯ ಗೊರಸಿನ ಎರಡು ಗುರುತು. "ತುಳಿಬ್ಯಾಡ್ರಿ ಅಂತ ಇವಕ್ಕ ಹೇಳೂದ ಮರತಿದ್ದೆ," ಎನ್ನುತ್ತ ಧೋತರ ಎತ್ತಿ ಹಿಂಡಿದರು. ಕಡಲೆ ಎಲೆಯ ಸಣ್ಣ ರೋಮಗಳು ಹುಳಿ ಒಸರುತ್ತವೆ. ಇಬ್ಬನಿಯಲ್ಲಿ ಅದು ಬೆರೆತು ಬಟ್ಟೆಗೆ ಇಳಿಯುತ್ತದೆ. ಚರಿಗೆಯ ತಳದಲ್ಲಿ ಒಂದು ಲೋಟದಷ್ಟು ಕಂದು ನೀರು. ಬಾಟಲಿಯಲ್ಲಿ ತುಂಬಿಟ್ಟರೆ ವರ್ಷವಿಡೀ ಮನೆಯಲ್ಲಿ ಹೊಟ್ಟೆನೋವಿಗೆ ಇದೇ ಮದ್ದು.

ಸ್ವಾತಿ ಇನ್ನೂ ಮಾಸಿರಲಿಲ್ಲ. ಅಜ್ಜ ಅದನ್ನೊಮ್ಮೆ, ಚರಿಗೆಯನ್ನೊಮ್ಮೆ ನೋಡಿದರು. "ಸ್ವಾತಿ ಹನಿ ಚಿಪ್ಪಿನ್ಯಾಗ ಬಿದ್ರ ಮುತ್ತು ಅಂತಾರ. ನಮ್ಮ ಕಡ್ಲಿ ಮ್ಯಾಲ ಬಿದ್ರ ಇದು. ಕೈ ಒಡ್ಡು."

ಅಂಗೈಗೆ ಬಿದ್ದ ನಾಲ್ಕು ಹನಿ ನೆಕ್ಕಿದೆ. ಹಲ್ಲು ಚಳಿತು, ಕಣ್ಣು ಮುಚ್ಚಿಕೊಂಡಿತು. ತೆರೆಯುವಷ್ಟರಲ್ಲಿ ಬೆಳಕು ಹರಿದು ಸ್ವಾತಿ ಕಾಣದಾಗಿತ್ತು.