ಮರಳಿ ಬಂದ ಕಾಗದ

ಬೆಂಗಳೂರಿನ ದಕ್ಷಿಣಕ್ಕೆ, ಬನ್ನೇರುಘಟ್ಟ ರಸ್ತೆಯಲ್ಲಿ ಬಿಳೇಕಹಳ್ಳಿಯಿದೆ. ಹೆಸರಿನಲ್ಲಿ ಹಳ್ಳಿ ಉಳಿದಿದ್ದರೂ ಊರು ಎಂದೋ ನಗರದ ಒಡಲೊಳಗೆ ಸೇರಿಹೋಗಿದೆ. ಅಲ್ಲಿನ ಒಂದು ಅಡ್ಡರಸ್ತೆಯಲ್ಲಿ ನಿವೃತ್ತ ಅಂಚೆಯವರೊಬ್ಬರು ಮಗನ ಸಂಸಾರದೊಡನೆ ವಾಸವಾಗಿದ್ದಾರೆ. ಬಡಾವಣೆಗಳು ಒಂದೊಂದಾಗಿ ತಲೆಯೆತ್ತಿದ ಕಾಲದಲ್ಲಿ ಸೈಕಲ್ಲಿನ ಮೇಲೆ ಮನೆಮನೆಗೂ ತಿರುಗಿ ಕಾಗದ ಹಂಚಿದವರು ಅವರು. ಒಂದೇ ಸಂಖ್ಯೆಯ ಮನೆ, ಒಂದೇ ಸಂಖ್ಯೆಯ ಅಡ್ಡರಸ್ತೆ ಎರಡು ಬಡಾವಣೆಗಳಲ್ಲಿರುವುದು ಬೆಂಗಳೂರಿಗೆ ಹೊಸತಲ್ಲ. ಆದುದರಿಂದ ವಿಳಾಸದಲ್ಲಿ ಒಂದಕ್ಷರ ತಪ್ಪಿದರೆ ಏನಾಗುವುದೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ಸಂಜೆ ಅವರ ಮೊಮ್ಮಗಳು ಮೊಬೈಲ್ ಫೋನನ್ನು ಹಿಡಿದು ಅಳುಮೋರೆ ಮಾಡಿಕೊಂಡು ಕುಳಿತಿದ್ದಳು. ವಿದ್ಯಾರ್ಥಿವೇತನದ ಅರ್ಜಿಯನ್ನು ಅಂತರಜಾಲದ ಮೂಲಕ ಸಲ್ಲಿಸಬೇಕಾಗಿತ್ತು. ಮರುದಿನವೇ ಕಡೆಯ ದಿನ. ಆ ಹಣ ಬಾರದಿದ್ದರೆ ಮುಂದಿನ ಓದು ಕಷ್ಟವೆಂಬುದನ್ನು ಮನೆಯವರೆಲ್ಲರೂ ಬಲ್ಲರು. ಆದರೆ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ ವಿಳಾಸವನ್ನು ಒತ್ತಿದಾಗಲೆಲ್ಲ ಪರದೆಯ ಮೇಲೆ ‘404’ ಎಂಬ ಸಂಖ್ಯೆ ಮೂಡುತ್ತಿತ್ತು.

“ನನ್ನ ಅರ್ಜಿ ಬೇಡವೆಂದುಬಿಟ್ಟರು, ತಾತ.”

“ಬೇಡವೆಂದರೋ, ವಿಳಾಸ ಸಿಗಲಿಲ್ಲವೆಂದರೋ? ಕಾಗದ ಮರಳಿ ಬಂದರೆ ಅಳುವ ಮೊದಲು ಅದರ ಮೇಲೆ ಏನು ಬರೆದಿದೆಯೆಂದು ನೋಡಬೇಕು, ಮಗು.”

ತಲುಪಿಸಲಾಗದ ಕಾಗದವನ್ನು ಅಂಚೆಯವರು ಸುಮ್ಮನೆ ಹಿಂದಿರುಗಿಸುವುದಿಲ್ಲ. ಮನೆ ಬಿಟ್ಟು ಹೋಗಿದ್ದಾರೆ, ವಿಳಾಸ ಸಾಲದು, ಸ್ವೀಕರಿಸಲು ಒಪ್ಪಲಿಲ್ಲ ಎಂದು ಕಾರಣವನ್ನು ಬರೆದು ಕಳುಹಿಸುತ್ತಾರೆ. ಅಂತರಜಾಲದ ಪದ್ಧತಿಯೂ ಇಂಥದೇ. ನಮ್ಮ ಫೋನಿನಲ್ಲಿರುವ ಬ್ರೌಸರ್ ಒಂದು ಪುಟವನ್ನು ಕೇಳಿದಾಗ ಆ ಬೇಡಿಕೆಯು ಸರ್ವರ್ ಎಂಬ ದೂರದ ಗಣಕಯಂತ್ರಕ್ಕೆ ತಲುಪುತ್ತದೆ. ಆ ಯಂತ್ರವು ತನ್ನ ಉತ್ತರದ ಮೊದಲಲ್ಲೇ ಮೂರಂಕಿಯ ಒಂದು ಸಂಖ್ಯೆಯನ್ನು ಬರೆದು ಕಳುಹಿಸುತ್ತದೆ. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಈ ಜಾಲದ ಕಲ್ಪನೆಯನ್ನು ಮುಂದಿಟ್ಟರು. ಬ್ರೌಸರ್ ಮತ್ತು ಸರ್ವರ್‌ಗಳ ನಡುವಣ ಮಾತುಕತೆಯ ನಿಯಮಗಳು 1996ರಲ್ಲಿ ದಾಖಲೆಯಾಗಿ ಪ್ರಕಟವಾದಾಗ 404 ಮೊದಲಾದ ಸಂಖ್ಯೆಗಳೂ ಅದರಲ್ಲಿದ್ದವು.

ಹುಡುಗಿ ಅಣ್ಣನ ಗಣಕಶಾಸ್ತ್ರದ ಪುಸ್ತಕವನ್ನು ತಂದು ಓದತೊಡಗಿದಳು. ಮೊದಲ ಅಂಕೆ 2 ಆದರೆ ಕೆಲಸ ಸರಿಯಾಗಿ ನಡೆದಿದೆ. 3 ಆದರೆ ಪುಟವನ್ನು ಬೇರೆಡೆ ನೋಡಬೇಕು. 4 ಆದರೆ ಕೇಳಿದ ಬೇಡಿಕೆಯಲ್ಲಿ ಏನೋ ದೋಷವಿದೆ. 5 ಆದರೆ ಬೇಡಿಕೆ ಸರಿಯಾಗಿದ್ದರೂ ಸರ್ವರ್‌ಗೆ ಅದನ್ನು ಪೂರೈಸಲಾಗಲಿಲ್ಲ. ತಾತನ ಮುಖ ಅರಳಿತು. “ಇದು ನಮ್ಮ ಪಿನ್‌ಕೋಡಿನ ಹಾಗೆಯೇ ಇದೆಯಲ್ಲ!” ಎಂದರು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡಿನಲ್ಲಿಯೂ ಮೊದಲ ಅಂಕೆಯೇ ದಾರಿ ತೋರುತ್ತದೆ. ಬಿಳೇಕಹಳ್ಳಿಯ 560076ರಲ್ಲಿ ಮೊದಲ 5 ಎಂಬುದು ಕಾಗದವನ್ನು ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳ ಕಡೆಗೆ ತಿರುಗಿಸುತ್ತದೆ. 560 ಬೆಂಗಳೂರಿಗೆ ತಂದು ಬಿಡುತ್ತದೆ.

403 ಎಂದರೆ ಒಳಗೆ ಬರಲು ಅನುಮತಿಯಿಲ್ಲ. 410 ಎಂದರೆ ಇದ್ದ ಪುಟವನ್ನು ಶಾಶ್ವತವಾಗಿ ತೆಗೆದುಹಾಕಲಾಗಿದೆ. 404 ಎಂದರೆ ಆ ವಿಳಾಸದಲ್ಲಿ ಪುಟ ಸಿಗಲಿಲ್ಲ, ಅಷ್ಟೆ. ಹಾಗೆಂದು ತಪ್ಪು ಯಾವಾಗಲೂ ಕೇಳಿದವರದೇ ಎನ್ನಲಾಗದು. ಪುಟವನ್ನು ಬೇರೆಡೆಗೆ ಸಾಗಿಸಿ ಹೊಸ ವಿಳಾಸವನ್ನು ತಿಳಿಸದೆ ಹೋದರೂ 404 ಬರುತ್ತದೆ. ತಾತ ಕನ್ನಡಕವೇರಿಸಿ ಚೀಟಿಯನ್ನೂ ಪರದೆಯನ್ನೂ ಅಕ್ಷರಕ್ಕಕ್ಷರ ಹೋಲಿಸಿದರು. ಬೆರಳು ಒಂದು ಅಕ್ಷರವನ್ನು ಬಿಟ್ಟಿತ್ತು.

ತಿದ್ದಿ ಒತ್ತಿದಾಗ ಈ ಬಾರಿ ‘503’ ಬಂದಿತು. ಹುಡುಗಿಯ ಮುಖ ಮತ್ತೆ ಬಾಡಿತು.

“ಮೊದಲ ಅಂಕೆ ನೋಡು. ಈಗ ತಪ್ಪು ನಿನ್ನದಲ್ಲ. ಸರಿಯಾದ ಬಾಗಿಲಿಗೇ ಬಂದಿದ್ದೀಯೆ, ಒಳಗೆ ಕಾಲಿಡಲು ಸ್ಥಳವಿಲ್ಲ, ಅಷ್ಟೆ” ಎಂದರು ತಾತ.

ಹೊರಗೆ ಬನ್ನೇರುಘಟ್ಟ ರಸ್ತೆಯಲ್ಲಿ ವಾಹನಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಕಡೆಯ ದಿನದ ಆತುರದಲ್ಲಿ ಎಲ್ಲರೂ ಒಮ್ಮೆಲೇ ನುಗ್ಗಿದರೆ ಸರ್ವರ್‌ನ ಗತಿಯೂ ಅದೇ. ತಾಳ್ಮೆಗೆಟ್ಟು ಮತ್ತೆ ಮತ್ತೆ ಒತ್ತಿದರೆ ಪ್ರತಿ ಒತ್ತಿಗೂ ಹೊಸ ಬೇಡಿಕೆಯೊಂದು ಹೊರಟು ದಟ್ಟಣೆ ಹೆಚ್ಚುತ್ತದೆಯೇ ಹೊರತು ದಾರಿ ತೆರೆಯುವುದಿಲ್ಲ. ಮಿತಿಮೀರಿ ಕೇಳುವವರಿಗೆ ಹೇಳುವುದಕ್ಕೆಂದೇ 429 ಎಂಬ ಸಂಖ್ಯೆಯೊಂದಿದೆ! ಹುಡುಗಿ ಫೋನನ್ನು ಕೆಳಗಿಟ್ಟು ಮಲಗಿದಳು.

ಬೆಳಗಿನ ಜಾವ ಐದು ಗಂಟೆಗೆ, ರಸ್ತೆ ಇನ್ನೂ ನಿಶ್ಶಬ್ದವಾಗಿದ್ದಾಗ, ಮೊದಲ ಯತ್ನದಲ್ಲೇ ಪುಟ ತೆರೆದುಕೊಂಡಿತು. ಅರ್ಜಿ ಸಲ್ಲಿಕೆಯಾಯಿತು. ಎಲ್ಲ ಸರಿಯಾದಾಗ 200 ಎಂಬ ಸಂಖ್ಯೆ ಬರುವುದೆಂದು ಓದಿದ್ದ ಹುಡುಗಿ ಪರದೆಯನ್ನೆಲ್ಲ ಹುಡುಕಿದಳು; ಅದು ಎಲ್ಲಿಯೂ ಕಾಣಲಿಲ್ಲ. ಬ್ರೌಸರ್ ಆ ಸಂಖ್ಯೆಯನ್ನು ತಾನು ಓದಿಕೊಂಡು ನಮ್ಮ ಮುಂದೆ ಪುಟವನ್ನಷ್ಟೇ ಇಡುತ್ತದೆ.

“ಯಾಕೆ ತಾತ, ತಪ್ಪಾದಾಗ ಮಾತ್ರ ಸಂಖ್ಯೆ ತೋರಿಸುತ್ತದೆ?”

ತಾತ ನಕ್ಕರು. “ತಲುಪಿದ ಕಾಗದದ ಮೇಲೆ ಅಂಚೆಯವನು ಏನನ್ನೂ ಬರೆಯುವುದಿಲ್ಲ, ಮಗು.”