ಜ್ವರ ಎತ್ತಿಗೆ, ಬರೆ ಯಾರಿಗೆ?
ಎಸ್.ಪಿ. ರಸ್ತೆಯಲ್ಲೊಂದು ಸುತ್ತು

ಬೆಂಗಳೂರಿನ ಹಳೆಯ ಪೇಟೆಗೆ ಒಂದು ಗುಣವುಂಟು. ಒಂದೊಂದು ಬೀದಿಗೂ ಒಂದೊಂದು ಸರಕಿನ ಹೆಸರು ಅಂಟಿಕೊಂಡಿದೆ. ಚಿಕ್ಕಪೇಟೆ ಎಂದರೆ ರೇಷ್ಮೆ ಸೀರೆ. ಅವೆನ್ಯೂ ರಸ್ತೆ ಎಂದರೆ ಪುಸ್ತಕ. ಜೆ.ಸಿ. ರಸ್ತೆ ಎಂದರೆ ಮೋಟಾರು ವಾಹನಗಳ ಬಿಡಿಭಾಗ. ಇವುಗಳ ನಡುವೆ, ಪುರಭವನದಿಂದ ಕೆಲವೇ ನಿಮಿಷ ನಡೆದರೆ ಸಿಗುವ ಇಕ್ಕಟ್ಟಾದ ಬೀದಿಯೇ ಸಾದರ್ ಪತ್ರಪ್ಪ ರಸ್ತೆ. ಪೂರ್ತಿ ಹೆಸರು ಬಲ್ಲವರು ಕಡಿಮೆ. ನಾಡಿನ ವಿದ್ಯಾರ್ಥಿಗಳಿಗೆಲ್ಲ ಅದು ಎಸ್.ಪಿ. ರಸ್ತೆ, ಕಂಪ್ಯೂಟರ್ ಬಿಡಿಭಾಗಗಳ ಸಂತೆ.

ಕರಗಕ್ಕೆ ಹೆಸರಾದ ಧರ್ಮರಾಯಸ್ವಾಮಿ ಗುಡಿ ಇಲ್ಲಿಗೆ ಹತ್ತಿರ. ಕೃಷ್ಣರಾಜೇಂದ್ರ ಮಾರುಕಟ್ಟೆಯೂ ದೂರವಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದು, 1905ರಲ್ಲಿ ಬೆಂಗಳೂರಿಗೂ ಬಂತು. ಆ ಬೆಳಕನ್ನು ಮೊದಮೊದಲು ಕಂಡ ಹಳೆಯ ಊರಿನಲ್ಲೇ ಇಂದು ಹೆಬ್ಬೆಟ್ಟಿನಗಲದ ಚಿಪ್ಪುಗಳು ಮಾರಾಟವಾಗುತ್ತವೆ. ಹತ್ತಡಿ ಅಗಲದ ಮಳಿಗೆಗಳು, ಮಾಳಿಗೆಯ ಮೇಲೂ ಮಳಿಗೆಗಳು, ತಲೆಯ ಮೇಲೆ ತೂಗುವ ವೈರಿನ ಸಿಂಬೆಗಳು. ಕೈಗಾಡಿ, ಸ್ಕೂಟರು, ಹೊರೆ ಹೊತ್ತ ಕೂಲಿ ಎಲ್ಲರೂ ಒಂದೇ ದಾರಿಯಲ್ಲಿ. ಕನ್ನಡ, ತಮಿಳು, ಉರ್ದು, ಹಿಂದಿ, ಮಾರವಾಡಿ ಒಂದೇ ವಾಕ್ಯದಲ್ಲಿ ಕೇಳಿಬಂದರೂ ಅಚ್ಚರಿಯಿಲ್ಲ!

ಹೊರೆ ಹೊತ್ತು ಬಂದವರು

ಶನಿವಾರಗಳಲ್ಲಿ ಈ ಬೀದಿಗೆ ಬರುವವರಲ್ಲಿ ಒಂದು ಜೋಡಿಯನ್ನು ಸುಲಭವಾಗಿ ಗುರುತಿಸಬಹುದು. ತಂದೆಯ ತೋಳಿನಲ್ಲಿ ಬೆಡ್‌ಶೀಟು ಸುತ್ತಿದ ಕಂಪ್ಯೂಟರ್ ಡಬ್ಬ. ಪಕ್ಕದಲ್ಲಿ ಹೈಸ್ಕೂಲೋ ಪಿಯುಸಿಯೋ ಓದುವ ಮಗ ಅಥವಾ ಮಗಳು. ತುಮಕೂರಿನಿಂದಲೋ ಮಂಡ್ಯದಿಂದಲೋ ಬೆಳಗಿನ ಬಸ್ಸು ಹಿಡಿದು ಬಂದವರು. ದೂರು ಒಂದೇ: 'ಗೇಮ್ ತಡವರಿಸ್ತಾ ಇದೆ.'

ಮೊದಲ ಅಂಗಡಿಯವರು ಗ್ರಾಫಿಕ್ಸ್ ಕಾರ್ಡು ಬದಲಿಸಿ ಎನ್ನುತ್ತಾರೆ. ಎರಡನೆಯವರಿಗೆ ರ‍್ಯಾಮ್ ಸಾಲದೆನಿಸುತ್ತದೆ. ಮೂರನೆಯವರ ಸಲಹೆ, ಪೂರಾ ಹೊಸ ಯಂತ್ರ. ಮೂವರೂ ಸುಳ್ಳು ಹೇಳುತ್ತಿಲ್ಲ. ಡಬ್ಬ ಬಿಚ್ಚಿ, ಆಟ ಆಡಿಸಿ ನೋಡುವಷ್ಟು ಪುರುಸೊತ್ತು ಆ ಗಿರಾಕಿಗಳ ನೂಕುನುಗ್ಗಲಿನಲ್ಲಿ ಯಾರಿಗಿದೆ? ಬೀದಿ ಇರುವುದು ಬಿಡಿಭಾಗ ಮಾರಲಿಕ್ಕೆ. ರೋಗ ಯಾವುದೆಂದು ಹೇಳುವ ಕೆಲಸ ಮನೆಯಲ್ಲೇ ಆಗಬೇಕು. ಇಲ್ಲವಾದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಒಂದು ತಿಂಗಳ ಸಂಬಳ ಕರಗಿದರೂ ಆಟ ತಡವರಿಸುತ್ತಲೇ ಇರುತ್ತದೆ. ಆಗ ಮನೆಯಲ್ಲಿ ಕೇಳುವ ಮಾತು, 'ಎಲ್ಲ ನಿನ್ನ ಆಟಕ್ಕೇ ಸುರಿದದ್ದು!' ಹಣದ ಜೊತೆಗೆ ತಂದೆ ಮಕ್ಕಳ ನಡುವಿನ ನಂಬಿಕೆಯೂ ಅಷ್ಟು ಸವೆಯುತ್ತದೆ.

ಅಡುಗೆಯವರೋ, ಬಡಿಸುವವರೋ?

ಆಟದ ದೃಶ್ಯ ಎಂದರೆ ಒಂದರ ಹಿಂದೊಂದು ಬರುವ ಚಿತ್ರಗಳ ಸಾಲು. ಸೆಕೆಂಡಿಗೆ 60 ಚಿತ್ರ ಬರಬೇಕಾದರೆ ಒಂದೊಂದು ಚಿತ್ರಕ್ಕೆ ಸಿಗುವ ಕಾಲ 16.7 ಮಿಲಿಸೆಕೆಂಡು. ಅಷ್ಟರೊಳಗೆ ಚಿತ್ರ ಸಿದ್ಧವಾಗದಿದ್ದರೆ ಕಣ್ಣಿಗೆ ಎಡವಿದಂತೆ ಕಾಣುತ್ತದೆ. ಕೆಲಸ ಮಾಡುವವರು ಮುಖ್ಯವಾಗಿ ಇಬ್ಬರು. ಚೆಂಡು ಎಲ್ಲಿ ಬೀಳಬೇಕು, ಎದುರಾಳಿ ಯಾವ ಕಡೆ ಓಡಬೇಕು ಎಂಬ ಲೆಕ್ಕ ಪ್ರೊಸೆಸರಿನದು. ಅದನ್ನು ಪರದೆಯ ಚುಕ್ಕೆಚುಕ್ಕೆಗೂ ಬಣ್ಣ ತುಂಬಿ ತೋರಿಸುವುದು ಗ್ರಾಫಿಕ್ಸ್ ಕಾರ್ಡಿನ ಪಾಲು. ಮದುವೆ ಮನೆಯ ಪಂಕ್ತಿಯನ್ನು ನೆನೆಯಿರಿ. ಅನ್ನವೇ ಬೆಂದಿಲ್ಲವಾದರೆ ಬಡಿಸುವವರನ್ನು ಹೆಚ್ಚಿಸಿ ಫಲವೇನು?

ಇಬ್ಬರಲ್ಲಿ ನಿಧಾನದವರು ಯಾರೆಂದು ತಿಳಿಯಲು ಕಾಸಿಲ್ಲದ ಪರೀಕ್ಷೆಯೊಂದಿದೆ. ಅನೇಕ ಆಟಗಳಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಎಂದು ತೋರಿಸುವ ಸೌಲಭ್ಯ ಇರುತ್ತದೆ. ಮೊದಲು ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 1920 ಅಡ್ಡ, 1080 ಉದ್ದದ ಪರದೆಯಲ್ಲಿ ಇರುವ ಚುಕ್ಕೆಗಳು 20,73,600. ಆಟದ ಸೆಟ್ಟಿಂಗಿನಲ್ಲಿ ಅದನ್ನು 1280 ಅಡ್ಡ, 720 ಉದ್ದಕ್ಕೆ ಇಳಿಸಿದರೆ ಉಳಿಯುವುದು 9,21,600. ಗ್ರಾಫಿಕ್ಸ್ ಕಾರ್ಡಿನ ಹೊರೆ ಅರ್ಧಕ್ಕಿಂತ ಕಡಿಮೆಯಾಯಿತು. ಪ್ರೊಸೆಸರಿನ ಹೊರೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಈಗ ಚಿತ್ರಗಳ ಸಂಖ್ಯೆ ಚೆನ್ನಾಗಿ ಏರಿದರೆ ಕಾರ್ಡೇ ಸೋಲುತ್ತಿತ್ತು ಎಂದರ್ಥ. ಕದಲದೆ ನಿಂತರೆ? ದುಬಾರಿ ಕಾರ್ಡು ತಂದರೂ ದಂಡ. ತೊಂದರೆ ಬೇರೆಡೆ ಇದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಉಳಿದುದನ್ನು ಹಾಗೆಯೇ ಬಿಡಬೇಕು. ಪ್ರಯೋಗಶಾಲೆಯಲ್ಲಿ ಲೋಲಕದ ಉದ್ದ ಬದಲಿಸುವಾಗ ಗುಂಡನ್ನು ಬದಲಿಸುವುದಿಲ್ಲ ತಾನೇ? ಹಾಗೆ.

ಬೇಸಗೆಯ ಬೇನೆ

ಎಸ್.ಪಿ. ರಸ್ತೆಯ ರಿಪೇರಿ ಮಳಿಗೆಗಳ ಮುಂದೆ ಆಗಾಗ ಬ್ಲೋವರಿನ ಸದ್ದು, ಅದರ ಹಿಂದೆಯೇ ಬೂದುಬಣ್ಣದ ಧೂಳಿನ ಮೋಡ. ಎರಡು ಮೂರು ವರ್ಷ ಮಂಚದ ಪಕ್ಕ ನೆಲದ ಮೇಲೆ ಕುಳಿತ ಕಂಪ್ಯೂಟರಿನ ಹೊಟ್ಟೆಯಲ್ಲಿ ಎಷ್ಟೊಂದು ಹತ್ತಿ, ಕೂದಲು! ಶಾಖ ಹೊರಹಾಕುವ ಲೋಹದ ರೆಕ್ಕೆಗಳ ಸಂದು ಮುಚ್ಚಿದರೆ ಗಾಳಿ ಆಡುವುದಿಲ್ಲ. ಅನೇಕ ಪ್ರೊಸೆಸರುಗಳು ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಸುಟ್ಟುಹೋಗದಂತೆ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಬಿಸಿಲಲ್ಲಿ ನಡೆಯುವವನು ಹೆಜ್ಜೆ ನಿಧಾನ ಮಾಡಿದಂತೆ. ಲಕ್ಷಣವೂ ಸ್ಪಷ್ಟ: ಮೊದಲ ಹತ್ತು ನಿಮಿಷ ಆಟ ಸರಾಗ, ಆಮೇಲೆ ತಡವರಿಕೆ, ಫ್ಯಾನಿನ ಬೊಬ್ಬೆ.

ಇಲ್ಲಿ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಫ್ಯಾನು ಎಷ್ಟೇ ಜೋರಾಗಿ ತಿರುಗಿದರೂ ಯಂತ್ರವನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಬೆಂಗಳೂರಿನ 25 ಡಿಗ್ರಿಯ ಅಂಗಡಿಯಲ್ಲಿ 80 ಡಿಗ್ರಿಯಲ್ಲಿ ನಿಂತ ಪ್ರೊಸೆಸರು, ರಾಯಚೂರಿನ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯ ಕೋಣೆಯಲ್ಲಿ 95ರ ಸುತ್ತ ಇರುತ್ತದೆ. 'ಅಂಗಡಿಯಲ್ಲಿ ಚೆನ್ನಾಗೇ ಓಡ್ತಿತ್ತಲ್ಲ' ಎಂಬ ಒಗಟಿಗೆ ಉತ್ತರ ಇಷ್ಟೇ. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು ಧೂಳು ಊದಿಸಿ, ಡಬ್ಬವನ್ನು ಗೋಡೆಯಿಂದ ಒಂದು ಗೇಣು ದೂರವಿಟ್ಟರೆ ಅನೇಕ ವೇಳೆ ಅರ್ಧ ಬೇನೆ ವಾಸಿ. ಪ್ರೊಸೆಸರಿಗೂ ಲೋಹಕ್ಕೂ ನಡುವೆ ಬಳಿಯುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದು ಹಚ್ಚಿಸಬೇಕು. ಈ ಬೀದಿಯ ಅಗ್ಗದ ಸಾಮಾನುಗಳಲ್ಲಿ ಅದೂ ಒಂದು.

ಒಂಟೆತ್ತಿನ ಗಾಡಿ

ರ‍್ಯಾಮ್ ವಿಷಯದಲ್ಲಿ ಬೇರೊಂದು ಸೂಕ್ಷ್ಮವಿದೆ. ಸಾಮಾನ್ಯ ಮದರ್‌ಬೋರ್ಡುಗಳಲ್ಲಿ ಮಾಹಿತಿ ಹರಿಯಲು ಎರಡು ಕಾಲುವೆಗಳಿರುತ್ತವೆ. ಒಂದೇ ಪಟ್ಟಿ ಹಾಕಿದರೆ ಒಂದೇ ಕಾಲುವೆ ದುಡಿಯುತ್ತದೆ. ಡಿಡಿಆರ್4-3200 ಜಾತಿಯ ಒಂದು ಪಟ್ಟಿ ಸೆಕೆಂಡಿಗೆ ಗರಿಷ್ಠ 25.6 ಗಿಗಾಬೈಟ್ ಸಾಗಿಸಬಲ್ಲದು. ಜೋಡಿ ಹಾಕಿದರೆ 51.2. ಬೇರೆ ಗ್ರಾಫಿಕ್ಸ್ ಕಾರ್ಡು ಇಲ್ಲದೆ ಪ್ರೊಸೆಸರಿನೊಳಗಿನ ಚಿತ್ರಭಾಗವನ್ನೇ ನಂಬಿದ ಯಂತ್ರಗಳಲ್ಲಿ ಈ ಎರಡನೆಯ ಪಟ್ಟಿ ಎದ್ದು ಕಾಣುವ ಸುಧಾರಣೆ ತರುತ್ತದೆ. ಒಂಟೆತ್ತಿನ ಗಾಡಿಗೆ ಇನ್ನೊಂದು ಎತ್ತು ಕಟ್ಟಿದ ಹಾಗೆ. ಎತ್ತುಗಳು ಹೊಂದಿಕೊಳ್ಳಬೇಕಷ್ಟೆ, ಹಳೆಯ ಪಟ್ಟಿಯನ್ನು ಜೊತೆಗೇ ತಂದು ಅದೇ ಅಳತೆ, ಅದೇ ವೇಗದ್ದನ್ನು ಕೇಳುವುದು ಲೇಸು.

ತಿರುಗುವ ಹಾರ್ಡ್ ಡಿಸ್ಕಿನ ಕಥೆ ಬೇರೆ. ನಿಮಿಷಕ್ಕೆ 7,200 ಸುತ್ತು ಎಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಮಾಹಿತಿ ಮುಳ್ಳಿನಡಿಗೆ ಬರುವ ತನಕ ಆಟ ಕಾಯಬೇಕು. ಹೊಸ ಊರು, ಹೊಸ ಕೋಣೆ ಹೊಕ್ಕಾಗಲೆಲ್ಲ ಚಿತ್ರ ಹೆಪ್ಪುಗಟ್ಟುವುದು ಇದಕ್ಕೇ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಈ ಕಾಯುವಿಕೆಯನ್ನು ತಪ್ಪಿಸುತ್ತದೆ. ಆದರೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಅದರಿಂದ ದುಪ್ಪಟ್ಟಾದೀತೆಂದು ಆಸೆಪಡಬಾರದು. ಇನ್ನು ಆಟದ ನಡುವೆ ಯಂತ್ರ ಒಮ್ಮೆಲೇ ಆರಿಹೋಗುವುದಾದರೆ ಅದು ನಿಧಾನದ ರೋಗವೇ ಅಲ್ಲ. ಪವರ್ ಸಪ್ಲೈ ಅಥವಾ ಅತಿಶಾಖದ ಕಡೆ ನೋಡಬೇಕು.

ಕಾಸಿಲ್ಲದ ಮದ್ದು

ಕೆಲವು ದೋಷಗಳಿಗೆ ಬೆಂಗಳೂರಿನ ಬಸ್ಸೇ ಬೇಡ. ಗ್ರಾಫಿಕ್ಸ್ ಕಾರ್ಡು ಕೊಂಡ ಮನೆಯಲ್ಲೂ ಪರದೆಯ ಕೇಬಲ್ಲನ್ನು ಕಾರ್ಡಿಗೆ ಚುಚ್ಚದೆ ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿರುವುದುಂಟು. ಆಗ ಕಾರ್ಡು ಕೂತು ಉಣ್ಣುವ ಅತಿಥಿ! 144 ಹರ್ಟ್ಸ್ ಪರದೆ ತಂದು, ವಿಂಡೋಸಿನ ಸೆಟ್ಟಿಂಗು 60ರಲ್ಲೇ ಉಳಿದಿರುವುದೂ ಉಂಟು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಆಡಿಸಿದರೆ ಅದು ಶಕ್ತಿ ಉಳಿಸಲು ವೇಗ ತಗ್ಗಿಸುತ್ತದೆ. ಹಾಸಿಗೆಯ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರಿನಲ್ಲಿ ಹಿಂದಿನಿಂದ ಯಾರು ಮೆಲ್ಲುತ್ತಿದ್ದಾರೆಂದು ಕಾಣುತ್ತದೆ. ಗ್ರಾಫಿಕ್ಸ್ ಕಾರ್ಡಿನ ಡ್ರೈವರು ಹಳೆಯದಾಗಿದ್ದರೆ ತಯಾರಕರಿಂದಲೇ ಹೊಸದು ಪಡೆಯಬಹುದು.

ಎಲ್ಲ ಸರಿಯಿದ್ದೂ ಆನ್‌ಲೈನ್ ಆಟದಲ್ಲಿ ಮಾತ್ರ ಗುಂಡಿ ಒತ್ತಿದ ಮೇಲೆ ಗುಂಡು ತಡವಾಗಿ ಹಾರುತ್ತಿದೆಯೇ? ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ದೂರ ಸುಮಾರು 3,200 ಕಿ.ಮೀ. ಹೋಗಿ ಬರಲು ಕನಿಷ್ಠ 32 ಮಿಲಿಸೆಕೆಂಡು ಬೇಕೇ ಬೇಕು. ಕೇಬಲ್ಲಿನ ಸುತ್ತು ಬಳಸು ಸೇರಿ ಇನ್ನೂ ಹೆಚ್ಚು. ಇದನ್ನು ಕಡಿಮೆ ಮಾಡುವ ಕಾರ್ಡನ್ನು ಎಸ್.ಪಿ. ರಸ್ತೆಯಲ್ಲಲ್ಲ, ಭೂಮಿಯ ಮೇಲೆಲ್ಲೂ ಮಾರುವುದಿಲ್ಲ. ಹತ್ತಿರದ ಸರ್ವರ್ ಆರಿಸುವುದೇ ದಾರಿ.

ಬರುವುದೇ ಆದರೆ

ಇಷ್ಟು ನೋಡಿದ ಮೇಲೂ ಕೊಳ್ಳಲೇಬೇಕಾದ ಭಾಗ ಒಂದು ಉಳಿದರೆ, ಎಸ್.ಪಿ. ರಸ್ತೆಗಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. 2017ರಲ್ಲಿ ಚಿಕ್ಕಪೇಟೆಯ ನೆಲದಡಿ ಮೆಟ್ರೊ ನಿಲ್ದಾಣ ತೆರೆದ ಮೇಲೆ ಮೆಜೆಸ್ಟಿಕ್‌ನಿಂದ ಬರುವುದು ಸಲೀಸು. ಭಾನುವಾರ ಬಹುಪಾಲು ಬಾಗಿಲುಗಳು ಮುಚ್ಚಿರುತ್ತವೆ. ಮದರ್‌ಬೋರ್ಡಿನ ಹೆಸರು, ಪವರ್ ಸಪ್ಲೈಯ ವ್ಯಾಟು, ಡಬ್ಬದೊಳಗಿನ ಉದ್ದಗಲ ಬರೆದ ಚೀಟಿ ಜೇಬಿನಲ್ಲಿರಲಿ. ಮೂರು ನಾಲ್ಕು ಕಡೆ ಬೆಲೆ ಕೇಳಿ. ಚೌಕಾಸಿಗೆ ನಾಚಿಕೆ ಬೇಡ. ಬಿಲ್ಲು, ಅದರ ಮೇಲೆ ಭಾಗದ ಸಂಖ್ಯೆ, ಗ್ಯಾರಂಟಿಯ ಅವಧಿ ಇಲ್ಲದೆ ಹಣ ಎಣಿಸಬೇಡಿ. ಬಳಸಿದ ಕಾರ್ಡು ಕೊಳ್ಳುವುದಾದರೆ ಅಲ್ಲೇ ಅರ್ಧ ಗಂಟೆ ಓಡಿಸಿ ನೋಡುವುದು ಜಾಣತನ.

ಚೀಟಿ ಹಿಡಿದು ಬಂದ ಗಿರಾಕಿಯೊಂದಿಗೆ ಇಲ್ಲಿನ ವ್ಯಾಪಾರಿಯ ಮಾತಿನ ಧಾಟಿಯೇ ಬದಲಾಗುತ್ತದೆ. 'ಗೇಮ್ ಸ್ಲೋ' ಎಂದವರಿಗೆ ಹೊಸ ಯಂತ್ರ ತೋರಿಸುವ ಕೈ, 'ಇದೇ ಜಾತಿಯ ಎಂಟು ಜಿಬಿ ಪಟ್ಟಿ ಒಂದು ಬೇಕು' ಎಂದವರಿಗೆ ಡ್ರಾಯರು ಎಳೆದು ಪಟ್ಟಿಯನ್ನಷ್ಟೇ ತೆಗೆದುಕೊಡುತ್ತದೆ. ಆ ಚೀಟಿಯನ್ನು ಮಕ್ಕಳೇ ಬರೆದು, ಏಕೆ ಬೇಕೆಂದು ಅಂಕಿಗಳ ಸಮೇತ ಮನೆಯವರಿಗೆ ತೋರಿಸಿದ್ದರೆ, ಆಟದ ಹೆಸರಿನಲ್ಲಿ ಒಂದು ವಿಜ್ಞಾನದ ಪಾಠವೂ ಆದಂತೆ. ಕಂಕುಳಲ್ಲಿ ಬೆಡ್‌ಶೀಟಿನ ಹೊರೆಯಿಲ್ಲದೆ, ಅಂಗಿಯ ಜೇಬಿನಲ್ಲಿ ಸಣ್ಣದೊಂದು ಪೊಟ್ಟಣವಿಟ್ಟುಕೊಂಡು ಸಂಜೆಯ ಬಸ್ಸು ಹತ್ತಬಹುದು.