ಠೇವಣಿಯ ಹಣಕ್ಕೆ ಒಂದು ಕೆಲಸ

ಪ್ರೀತಿಯ ಪುಟ್ಟಿ,

ನೀನು ವಿಶ್ವವಿದ್ಯಾಲಯಕ್ಕೆ ಹಣಕಾಸು ಅಧಿಕಾರಿಯಾಗಿ ಹೋಗಿದ್ದೀ ಅಂತ ಅಕ್ಕ ಹೇಳಿದಳು. ತುಂಬಾ ಸಂತೋಷವಾಯಿತು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ ಅಂತ ಈ ಕಾಗದ ಬರೆಯುತ್ತಿದ್ದೇನೆ. ಬಿಡುವಾದಾಗ ನಿಧಾನವಾಗಿ ಓದು.

ಖಜಾನೆ, ಬಿಲ್ಲು, ಆಡಿಟ್ಟು ನಿನಗೆ ಹೇಳಿಕೊಡಬೇಕಾಗಿಲ್ಲ. ಆದರೆ ವಿಶ್ವವಿದ್ಯಾಲಯದ ಹಣದ ಸ್ವಭಾವವೇ ಬೇರೆ. ಸರ್ಕಾರದ ಅನುದಾನ ಬಹುತೇಕ ಸಂಬಳಕ್ಕೆ ಬರುತ್ತದೆ, ಸಂಬಳಕ್ಕೇ ಮುಗಿಯುತ್ತದೆ. ಮಿಕ್ಕದ್ದೆಲ್ಲ ನಡೆಯಬೇಕಾದದ್ದು ಆಂತರಿಕ ಸಂಪನ್ಮೂಲದಿಂದ: ಪರೀಕ್ಷಾ ಶುಲ್ಕ, ಕಾಲೇಜುಗಳ ಸಂಯೋಜನಾ ಶುಲ್ಕ, ಘಟಿಕೋತ್ಸವದ ಶುಲ್ಕ, ಠೇವಣಿಯ ಬಡ್ಡಿ. ಇದರಲ್ಲಿ ದೊಡ್ಡ ಪಾಲು ಯಾರದ್ದು ಅಂತ ಒಮ್ಮೆ ಯೋಚಿಸು. ಯಾವುದೋ ತಾಲ್ಲೂಕಿನ ಪದವಿ ಕಾಲೇಜಿನ ಹುಡುಗಿ ಸೆಮಿಸ್ಟರಿಗೊಮ್ಮೆ ಅಪ್ಪನ ಹತ್ತಿರ ಕೇಳಿ ಇಸಿದುಕೊಂಡು ಕಟ್ಟಿದ ಶುಲ್ಕ ಅದು. ಅವಳು ನಿಮ್ಮ ಕ್ಯಾಂಪಸ್ಸಿನ ಗೇಟನ್ನೂ ನೋಡಿರುವುದಿಲ್ಲ. ಆ ದುಡ್ಡನ್ನು ಎಲ್ಲಿ ಹಾಕಬೇಕು ಅನ್ನುವ ಫೈಲು ನಿನ್ನ ಮೇಜಿಗೆ ಬರುತ್ತದೆ. ನಾನು ಬರೆಯುತ್ತಿರುವುದು ಆ ಫೈಲಿನ ಬಗ್ಗೆಯೇ.

ಕಾಲವೂ ಈಗ ಬಿಗಿಯಾಗಿದೆ. 2022-23ರಲ್ಲಿ ರಾಜ್ಯದಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದವು. ಹಾಸನ, ಚಾಮರಾಜನಗರದ ಕಾಲೇಜುಗಳು ಮೈಸೂರಿನಿಂದ, ಕೊಡಗಿನವು ಮಂಗಳೂರಿನಿಂದ ಬೇರೆಯಾದವು. ಕಾಲೇಜಿನ ಜೊತೆಗೆ ಅದರ ಶುಲ್ಕವೂ ಹೋಯಿತು. ನಿವೃತ್ತರ ಪಿಂಚಣಿ ಮಾತ್ರ ಹಳೆಯ ವಿಶ್ವವಿದ್ಯಾಲಯಗಳ ತಲೆಯ ಮೇಲೆಯೇ ಉಳಿಯಿತು. ನಾನೂ ಪಿಂಚಣಿ ತೆಗೆದುಕೊಳ್ಳುವವಳೇ, ತಿಂಗಳ ಮೊದಲ ವಾರ ಬ್ಯಾಂಕಿನ ಮೆಸೇಜಿಗೆ ಕಾಯುವವಳೇ. ಹಾಗಾಗಿ ಪಿಂಚಣಿ ಬಿಟ್ಟು ಬೇರೆ ನೋಡು ಅಂತ ಹೇಳಲಾರೆ. ಆದರೆ ಇದ್ದಬದ್ದ ಠೇವಣಿಯನ್ನೆಲ್ಲ ಮುರಿದು ಇವತ್ತಿನ ಕೊರತೆಗೆ ಸುರಿದರೆ ನಾಲ್ಕು ವರ್ಷದಲ್ಲಿ ಠೇವಣಿಯೂ ಇರುವುದಿಲ್ಲ, ಪಿಂಚಣಿಯೂ ಇರುವುದಿಲ್ಲ. ಒಂದು ಸಣ್ಣ ಪಾಲನ್ನಾದರೂ ಖರ್ಚು ಇಳಿಸುವ ಕೆಲಸಕ್ಕೆ ಹೂಡಬೇಕು. ನನ್ನ ವಾದ ಇಷ್ಟೇ.

ನಾನು ಕೆಲಸ ಮಾಡಿದ ವಿಶ್ವವಿದ್ಯಾಲಯದಲ್ಲಿ ಏನಾಗುತ್ತಿತ್ತು ಅಂದರೆ, ವರ್ಷವಿಡೀ ಹಣ ಬ್ಯಾಂಕಿನಲ್ಲಿ ಮಲಗಿರುತ್ತಿತ್ತು. ಫೆಬ್ರವರಿ ಬಂದಕೂಡಲೇ ಎಲ್ಲರಿಗೂ ಎಚ್ಚರವಾಗುತ್ತಿತ್ತು. ಸ್ವಾಗತ ಕಮಾನು, ಅತಿಥಿಗೃಹಕ್ಕೆ ಹೊಸ ಸೋಫಾ, ಹೋದ ವರ್ಷವಷ್ಟೇ ಹಾಕಿದ ಪೇವರ್ ಕಿತ್ತು ಮತ್ತೆ ಪೇವರ್. ಅದೇ ಕ್ಯಾಂಪಸ್ಸಿನ ಹುಡುಗಿಯರ ಹಾಸ್ಟೆಲ್ ಮೇಲಿನ ಟ್ಯಾಂಕಿಗೆ ಫ್ಲೋಟ್ ವಾಲ್ವ್ ಇರಲಿಲ್ಲ. ರಾತ್ರಿ ಪಂಪು ಹಾಕಿದ ವಾಚ್‌ಮನ್ ನಿದ್ದೆಹೋದರೆ ಬೆಳಗಿನ ತನಕ ನೀರು ಗೋಡೆಯ ಮೇಲೆ ಹರಿಯುತ್ತಿತ್ತು. ಗೋಡೆ ಹಸಿರುಗಟ್ಟಿತ್ತು, ಒಳಗೆ ಗಾರೆ ಉದುರುತ್ತಿತ್ತು, ಅದರ ರಿಪೇರಿಗೆ ಬೇರೆಯೇ ಎಸ್ಟಿಮೇಟು. ವಾಲ್ವ್ ಹಾಕಿಸಬೇಕು ಅಂತ ವಾರ್ಡನ್ ಕೊಟ್ಟ ಅರ್ಜಿ ‘ಅನುದಾನ ಲಭ್ಯವಿಲ್ಲ’ ಅನ್ನುವ ಷರಾದೊಂದಿಗೆ ವಾಪಸ್ ಹೋಗಿತ್ತು. ಈಗಲೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಅಮೆರಿಕದ ಹಾರ್ವರ್ಡ್ ಇದಕ್ಕೆ ಒಂದು ದಾರಿ ಮಾಡಿಕೊಂಡಿತು. ಅವರ ಸಿರಿವಂತಿಕೆ ನಮಗೆಲ್ಲಿಂದ ಬರಬೇಕು ಅನ್ನಬೇಡ. ನಾವು ನೋಡಬೇಕಾದದ್ದು ಅವರ ಪದ್ಧತಿಯನ್ನು. 1993ರಲ್ಲಿ ಒಮ್ಮೆ ಶುರುಮಾಡಿದ್ದರು, ಕೆಲವು ವರ್ಷ ನಡೆದು ನಿಂತುಹೋಯಿತು. 2001ರಲ್ಲಿ 30 ಲಕ್ಷ ಡಾಲರ್ ಇಟ್ಟು ಮತ್ತೆ ಆರಂಭಿಸಿದರು. ಆಮೇಲೆ ಅದನ್ನು 1.2 ಕೋಟಿ ಡಾಲರಿಗೆ ಏರಿಸಿದರು. ಅದು ಸುತ್ತುನಿಧಿ. ಒಂದು ವಿಭಾಗ ವಿದ್ಯುತ್ತನ್ನೋ ನೀರನ್ನೋ ಉಳಿಸುವ ಯೋಜನೆ ತಂದರೆ ನಿಧಿಯಿಂದ ಸಾಲ ಸಿಗುತ್ತದೆ. ಬಿಲ್ಲಿನಲ್ಲಿ ಉಳಿದ ಹಣದಿಂದಲೇ ಆ ಸಾಲ ತೀರಿಸಬೇಕು, ಸಾಮಾನ್ಯವಾಗಿ ಐದು ವರ್ಷದೊಳಗೆ. ತೀರಿದ ಮೇಲೆ ಉಳಿತಾಯ ಆ ವಿಭಾಗದ್ದೇ. ವಾಪಸ್ ಬಂದ ಹಣ ಮುಂದಿನ ವಿಭಾಗಕ್ಕೆ.

ಅಲ್ಲಿನ ಪ್ರಯೋಗಾಲಯಗಳ ಫ್ಯೂಮ್ ಹುಡ್ ನೋಡು. ಮುಂದೆ ಗಾಜಿನ ಬಾಗಿಲಿರುವ ಬೀರುವಿನಂಥದ್ದು, ಒಳಗೆ ರಾಸಾಯನಿಕದ ಹೊಗೆ ಎದ್ದರೆ ಫ್ಯಾನು ಮೇಲಕ್ಕೆಳೆದು ಹೊರಗೆ ಹಾಕುತ್ತದೆ. ಹೊಗೆಯ ಜೊತೆಗೆ ಕೋಣೆಯ ಗಾಳಿಯೂ ಹೋಗುತ್ತದೆ, ದುಡ್ಡು ಕೊಟ್ಟು ಬೆಚ್ಚಗೆ ಮಾಡಿದ ಗಾಳಿ. ಅಂಥ ಒಂದು ಹುಡ್ ವರ್ಷಕ್ಕೆ ನುಂಗುವ ಶಕ್ತಿ ಅಲ್ಲಿನ ಮೂರು ಮನೆಗಳ ಬಳಕೆಗೂ ಹೆಚ್ಚು ಅನ್ನುವ ಅಂದಾಜಿದೆ. ಕೆಲಸ ಮುಗಿದ ಮೇಲೆ ಗಾಜು ಕೆಳಗಿಳಿಸಿ ಅಂತ ಅಲ್ಲಿ ಆಂದೋಲನವನ್ನೇ ಮಾಡಿದರು. ಗಾಜು ಇಳಿದಾಗ ಫ್ಯಾನಿನ ವೇಗವೂ ಇಳಿಯುವ ಉಪಕರಣವಿದ್ದರೆ ಉಳಿತಾಯ ದೊಡ್ಡದು. ಕಣ್ಣಿಗೆ ಕಾಣದ ಕೆಲಸ, ಉದ್ಘಾಟನೆಗೆ ಯಾರೂ ಬರುವುದಿಲ್ಲ. ಇಂಥ ಕೆಲಸಕ್ಕೆ ಹಣ ಸಿಗುವಂತೆ ಮಾಡಿದ್ದಾರಲ್ಲ, ಅದು ನನಗೆ ಬಹಳ ಹಿಡಿಸಿತು.

ನಮ್ಮಲ್ಲಿ ತೊಡಕು ಎಲ್ಲಿದೆ ಗೊತ್ತಾ? ರಸಾಯನಶಾಸ್ತ್ರ ವಿಭಾಗ ಕರೆಂಟು ಉಳಿಸಿದರೆ ಅದಕ್ಕೇನೂ ಸಿಗುವುದಿಲ್ಲ. ಇಡೀ ಕ್ಯಾಂಪಸ್ಸಿಗೆ ಒಂದೇ ಎಚ್.ಟಿ. (ಹೈ ಟೆನ್ಷನ್) ಮೀಟರು, ಒಂದೇ ಬಿಲ್ಲು. ಯಾರು ಎಷ್ಟು ಉರಿಸಿದರು ಅಂತ ಕುಲಪತಿಗಳಿಗೂ ಗೊತ್ತಿಲ್ಲ, ಕುಲಸಚಿವರಿಗೂ ಗೊತ್ತಿಲ್ಲ. ಆದ್ದರಿಂದ ನಿನ್ನ ಮೊದಲ ಹೂಡಿಕೆ ಸಬ್ ಮೀಟರಿನ ಮೇಲಿರಲಿ. ಸೋಲಾರ್ ಆಮೇಲೆ ಬರಲಿ. ಹಾಸ್ಟೆಲು, ಗ್ರಂಥಾಲಯ, ಪ್ರಯೋಗಾಲಯ, ಪಂಪ್‌ಹೌಸ್ ಎಲ್ಲಕ್ಕೂ ಒಂದೊಂದು. ಒಂದು ವರ್ಷ ಓದಿ ಬರೆದಿಡಿಸು. ಹಿಂದಿನ ಅಂಕಿ ಇಲ್ಲದೆ ಮುಂದಿನ ಉಳಿತಾಯವನ್ನು ಯಾವ ಆಡಿಟರ್ ಒಪ್ಪುತ್ತಾನೆ?

ಅಷ್ಟರಲ್ಲಿ ಎಚ್.ಟಿ. ಬಿಲ್ಲನ್ನು ನೀನೇ ಕೂತು ಓದು. ಮೊತ್ತ ನೋಡಿ ಸಹಿ ಹಾಕಬೇಡ. ಕಾಂಟ್ರಾಕ್ಟ್ ಡಿಮ್ಯಾಂಡ್ ಎಷ್ಟಿದೆ, ಮೀಟರ್ ದಾಖಲಿಸಿದ ಡಿಮ್ಯಾಂಡ್ ಎಷ್ಟಿದೆ ನೋಡು. ಯಾವುದೋ ಕಾಲದಲ್ಲಿ ಹೆಚ್ಚಿಗೆ ಬರೆಸಿಟ್ಟಿದ್ದರೆ ಬಳಸದ ಸಾಮರ್ಥ್ಯಕ್ಕೂ ತಿಂಗಳು ತಿಂಗಳು ಕಟ್ಟುತ್ತಿರುತ್ತೀರಿ. ಅದನ್ನು ಇಳಿಸಿಕೊಳ್ಳಲು ಒಂದು ಅರ್ಜಿ ಸಾಕು. ಪವರ್ ಫ್ಯಾಕ್ಟರ್ ನಿಗದಿತ ಮಟ್ಟಕ್ಕಿಂತ ಇಳಿದಿದ್ದರೆ ದಂಡದ ಸಾಲು ಬೇರೆ ಇರುತ್ತದೆ, ಕೆಪಾಸಿಟರ್ ಪ್ಯಾನೆಲ್ ಹಾಕಿದರೆ ಆ ಸಾಲು ಅಳಿಸಿಹೋಗುತ್ತದೆ. ಲೆಕ್ಕಕ್ಕೆ ಹೇಳುತ್ತೇನೆ: ಪ್ಯಾನೆಲ್ಲು, ಹೊಸ ಪಂಪು, ದೀಪ ಎಲ್ಲ ಸೇರಿ 20 ಲಕ್ಷ ಹಾಕಿ ವರ್ಷಕ್ಕೆ 6 ಲಕ್ಷ ಉಳಿದರೆ ಮೂರು ವರ್ಷ ಚಿಲ್ಲರೆಯಲ್ಲಿ ಅಸಲು ಬಂತು. ಯಾವ ಬ್ಯಾಂಕಿನ ಠೇವಣಿಯೂ ಇಷ್ಟು ಕೊಡುವುದಿಲ್ಲ ಅಂತ ಹಣಕಾಸು ಸಮಿತಿಯಲ್ಲಿ ಧೈರ್ಯವಾಗಿ ಹೇಳಬಹುದು.

ಆದರೆ ಉಳಿದ 6 ಲಕ್ಷ ಸಾಮಾನ್ಯ ನಿಧಿಗೆ ಸೇರಿ ಮಾಯವಾಗದ ಹಾಗೆ ನೋಡಿಕೊಳ್ಳಬೇಕು. ಪ್ರತ್ಯೇಕ ಲೆಕ್ಕಶೀರ್ಷಿಕೆ, ಪ್ರತ್ಯೇಕ ಬ್ಯಾಂಕ್ ಖಾತೆ, ಈ ನಿಧಿಯನ್ನು ಬೇರೆ ಯಾವುದಕ್ಕೂ ತಿರುಗಿಸಬಾರದು ಅನ್ನುವ ಸಿಂಡಿಕೇಟ್ ನಿರ್ಣಯ, ಮೂರೂ ಮೊದಲೇ ಆಗಲಿ. ಕುಲಪತಿಗಳು ಬದಲಾಗುತ್ತಾರೆ, ನೀನೂ ವರ್ಗವಾಗುತ್ತೀ, ನಿರ್ಣಯ ಪುಸ್ತಕದಲ್ಲಿ ಇರುತ್ತದೆ. ಕೇಂದ್ರದ ಶಿಕ್ಷಣ ಸಂಸ್ಥೆಗಳ ಕಟ್ಟಡಗಳಿಗೆ ಸಾಲ ಕೊಡಲು 2017ರಲ್ಲಿ ಕೇಂದ್ರ ಸರ್ಕಾರ ಕೆನರಾ ಬ್ಯಾಂಕ್ ಜೊತೆ ಸೇರಿ ಹೆಫಾ ಅನ್ನುವ ಉನ್ನತ ಶಿಕ್ಷಣ ಹಣಕಾಸು ಸಂಸ್ಥೆಯನ್ನು ಸ್ಥಾಪಿಸಿದಾಗಲೂ ಅಸಲನ್ನು ಸಂಸ್ಥೆಯ ಆಂತರಿಕ ಆದಾಯದಿಂದ ತೀರಿಸಬೇಕು ಅನ್ನುವುದೇ ಮೂಲ ಯೋಚನೆಯಾಗಿತ್ತು. ತೀರಿಸಬೇಕು ಅನ್ನುವ ಭಯವಿದ್ದಾಗ ಯೋಜನೆಯನ್ನು ಮನುಷ್ಯ ಬೇರೆ ರೀತಿ ಬರೆಯುತ್ತಾನೆ.

ಎಲ್ಲ ಒಳ್ಳೆಯ ಕೆಲಸವೂ ರೂಪಾಯಿಯಲ್ಲಿ ವಾಪಸ್ ಬರುವುದಿಲ್ಲ ಪುಟ್ಟಿ, ಅದನ್ನೂ ಹೇಳಿಬಿಡುತ್ತೇನೆ. ಫಲಿತಾಂಶ ತಡವಾಗಿ ಅಂಕಪಟ್ಟಿ ಕೈಗೆ ಸಿಗದೆ ಸ್ನಾತಕೋತ್ತರ ಪ್ರವೇಶದ ಕೊನೆಯ ದಿನ ತಪ್ಪಿಸಿಕೊಂಡ ಮಕ್ಕಳು ನಮ್ಮ ಕೌಂಟರಿನ ಮುಂದೆ ಅತ್ತದ್ದನ್ನು ನೋಡಿದ್ದೇನೆ. ಮೌಲ್ಯಮಾಪನ ವಿಭಾಗಕ್ಕೆ ಒಳ್ಳೆಯ ಸ್ಕ್ಯಾನರು, ಸರ್ವರು, ತರಬೇತಾದ ನಾಲ್ಕು ಜನ ಕೊಟ್ಟರೆ ಯಾವ ಬಿಲ್ಲೂ ಇಳಿಯುವುದಿಲ್ಲ. ಆದರೂ ಆ ಶುಲ್ಕ ಕಟ್ಟಿದ ಹುಡುಗಿಗೆ ನೇರವಾಗಿ ತಲುಪುವುದು ಅದೇ. ಅದನ್ನು ಸುತ್ತುನಿಧಿಯ ಲೆಕ್ಕಕ್ಕೆ ಸುಮ್ಮನೆ ತುರುಕಬೇಡ, ಉಳಿತಾಯ ತೋರಿಸಲು ಯಾರೋ ಸುಳ್ಳು ಅಂಕಿ ಬರೆಯಬೇಕಾಗುತ್ತದೆ. ಅದಕ್ಕೇ ಬೇರೆ ಪಾಲು ಇಡು. ಫಲಿತಾಂಶ ಎಷ್ಟು ದಿನದಲ್ಲಿ ಬರಬೇಕು ಅಂತ ಮೊದಲೇ ಬರೆಸಿಕೊಂಡು ಹಣ ಬಿಡುಗಡೆ ಮಾಡು. ಎಂಜಿನಿಯರಿಂಗ್ ವಿಭಾಗದವರು ಮೊದಮೊದಲು ಮುಖ ಸಿಂಡರಿಸುತ್ತಾರೆ, ಹಳೇ ಗುಮಾಸ್ತರು ‘ಹಿಂದೆ ಹೀಗೆ ಮಾಡಿಲ್ಲ ಮೇಡಂ’ ಅನ್ನುತ್ತಾರೆ. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳು, ಎಲ್ಲೆಲ್ಲಿ ಸೋರುತ್ತದೆ ಅಂತ ಅವರಷ್ಟು ಬಲ್ಲವರು ಯಾರೂ ಇಲ್ಲ.

ಹೋದ ವರ್ಷದ ಹನ್ನೆರಡು ತಿಂಗಳ ಎಚ್.ಟಿ. ಬಿಲ್ಲಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕು. ಹಬ್ಬಕ್ಕೆ ಬರುತ್ತೀಯಲ್ಲ, ಊಟ ಆದಮೇಲೆ ಇಬ್ಬರೂ ಕೂತು ಸಾಲು ಸಾಲು ನೋಡೋಣ. ಚಿಕ್ಕಪ್ಪನೂ ನಿನ್ನನ್ನು ಕೇಳುತ್ತಿದ್ದಾರೆ.

ನಿನ್ನ
ಚಿಕ್ಕಮ್ಮ